ಹದಿನಾಲ್ಕು ಜಂಪರುಗಳ ಬೇಸಿಗೆ

ಮೊನ್ನೆ ಮೊಮ್ಮಗಳು ಅಟ್ಟದ ಮೇಲಿದ್ದ ನನ್ನ ತಗಡಿನ ಟ್ರಂಕು ಇಳಿಸಿ ಮುಚ್ಚಳ ಎತ್ತಿದಳು. ಬಜೆ ವಾಸನೆ ಗಪ್ಪನೆ ಮೂಗಿಗೆ ಬಡಿಯಿತು. ಹುಳ ಹತ್ತಬಾರದು ಅಂತ ಬಟ್ಟೆಗಳ ನಡುವೆ ಬಜೆ ಬೇರಿನ ತುಂಡು ಹಾಕಿಡೋದು ನಮ್ಮ ಕಾಲದ ರೂಢಿ. ಬೇರೆಯವರಿಗೆ ಆ ವಾಸನೆ ಬಂದರೆ ಕೂಸಿಗೆ ತೇಯ್ದು ನೆಕ್ಕಿಸೋ ಔಷಧಿ ನೆನಪಾಗುತ್ತೋ ಏನೋ. ನನಗೆ ಮಾತ್ರ ಹದಿನಾಲ್ಕು ಜಂಪರು ನೆನಪಾಗಿ ನಗು ಉಕ್ಕಿ ಬರುತ್ತೆ. ಅವತ್ತೂ ಹಂಗೇ ಆಯ್ತು. ಅಜ್ಜಿಗೆ ಏನೋ ಆಯ್ತು ಅಂತ ಹುಡುಗಿ ನೀರು ತರಾಕೆ ಓಡಿದಳು. ನೀರು ಕೊಟ್ಟು, ಟ್ರಂಕಿನ ತಳದಿಂದ ನಾಲ್ಕು ಮರದ ತುಂಡು ತೆಗೆದು, "ಇವೇನಜ್ಜಿ, ಇವನ್ನೂ ಬಟ್ಟೆ ಜೊತೆ ಕಟ್ಟಿಟ್ಟಿದ್ದೀಯಲ್ಲ?" ಅಂದಳು. ಕೂತ್ಕೋ ಹೇಳ್ತೀನಿ ಅಂದೆ.

ನನ್ನ ತವರು ಜಗಳೂರು. ಕೊಟ್ಟಿದ್ದು ಹೊನ್ನಾಳಿಗೆ, ದರ್ಜಿಗಳ ಮನೆಗೆ. ಆಗ ಎರಡನೇ ಮಹಾಯುದ್ಧ ನಡೀತಿತ್ತು, ಬಟ್ಟೆಗೂ ಸರ್ಕಾರದ ಕಂಟ್ರೋಲು, ಮನೆಗೆ ಇಷ್ಟೇ ಅಂತ ಅಳೆದು ಕೊಡೋರು. ನನಗೆ ಹತ್ತೊಂಬತ್ತು. ಅತ್ತೆ ನಾನು ಬರೋ ಮೊದಲೇ ತೀರಿಕೊಂಡಿದ್ದರು, ಹಂಗಾಗಿ ಮನೇಲಿ ನಾವು ಮೂರೇ ಜನ: ಮಾವ, ನಮ್ಮ ಯಜಮಾನರು, ನಾನು. ಬೀದಿ ಕಡೆಯ ಜಗಲಿಯೇ ಅಂಗಡಿ. ಮಾವ ಕತ್ತರಿ ಹಿಡಿಯೋರು, ಯಜಮಾನರು ಮಷೀನು ತುಳಿಯೋರು. ಅಂಗಿ, ಚಲ್ಲಣ, ಮದುವೆಗಳಿಗೆ ಕೋಟು. ನನಗೆ ಗುಂಡಿ ಹಚ್ಚೋದು, ಕಾಜಾ ಮಾಡೋದು, ಅಂಚು ಮಡಚೋದು. ಮಷೀನು ಮುಟ್ಟಂಗಿಲ್ಲ. "ಅದು ಗಂಡಸರ ಸಾಮಾನು" ಅಂತ ಮಾವ ಬಂದ ವಾರಕ್ಕೇ ಹೇಳಿಬಿಟ್ಟಿದ್ದರು.

ಮುಟ್ಟದೆ ಇರಾಕೆ ನಾನೇನು ಗೊಂಬೆಯೇ? ಅಪ್ಪ ಮಗ ಇಬ್ಬರೂ ಸಂತೆಗೆ ಹೋದ ದಿನ ಬಾಗಿಲು ಹಾಕಿಕೊಂಡು ಕೂತೇಬಿಟ್ಟೆ. ಸ್ಟೂಲು ಯಜಮಾನರ ಎತ್ತರಕ್ಕೆ ಮಾಡಿಸಿದ್ದು, ಅವರು ಉದ್ದಕ್ಕೆ ಬೆಳೆದ ಆಸಾಮಿ. ನಾನು ಗಿಡ್ಡಿ. ಕಾಲು ಕೆಳಗಿನ ಹಲಗೆಗೆ ಎಟುಕದೆ ತೂಗಾಡ್ತಿತ್ತು. ಸ್ಟೂಲಿನ ತುದಿಗೆ ಜರುಗಿ ಬೆರಳ ತುದಿಯಲ್ಲೇ ತುಳಿದು, ಎರಡು ಸಲ ದೊಪ್ಪಂತ ಬಿದ್ದು, ಅಂತೂ ನೆಟ್ಟಗೆ ಒಂದು ಹೊಲಿಗೆ ಬಿಡೋದು ಕಲಿತೆ. ಯಜಮಾನರಿಗೆ ಗೊತ್ತಾಗಿತ್ತು. ನನ್ನ ಮೊಣಕೈ ತರಚಿದ್ದು ನೋಡಿ ನಕ್ಕರು, ಮಾವನ ಕಿವಿಗೆ ಹಾಕಲಿಲ್ಲ.

ಆ ವರ್ಷ ಶಿವರಾತ್ರಿ ಹೊತ್ತಿಗೆ ಹೆಣ್ಣುಮಕ್ಕಳ ಶಾಲೆಗೆ ಮೈಸೂರಿನಿಂದ ಲಲಿತಮ್ಮ ಅಂತ ಟೀಚರು ಬಂದರು. ನಾವೆಲ್ಲ ಮುಂದೆ ಗಂಟು ಹಾಕೋ ಖಣದ ಕುಬುಸ ತೊಡೋರು, ಮೊಣಕೈವರೆಗೆ ಬಿಗಿ ತೋಳು. ಆಕೆ ತೊಟ್ಟಿದ್ದು ಗುಂಡಿ ಹಾಕೋ ಜಂಪರು. ತೋಳು ಭುಜದ ಮೇಲೆ ಉಬ್ಬಿದ ಪೂರಿ ಕೂರಿಸಿದಂಗೆ ನಿಂತಿತ್ತು. ಆಕೆ ನಮ್ಮ ಬೀದೀಲಿ ಶಾಲೆಗೆ ನಡೆದು ಹೋಗ್ತಿದ್ದರೆ ಬಾಗಿಲು ಬಾಗಿಲಿಗೂ ಹೆಂಗಸರು. ಎದುರು ಮನೆ ಅಕ್ಕಿ ಗಿರಣಿ ಹಾಲಮ್ಮನದು ದೊಡ್ಡ ಗಂಟಲು. "ಅಯ್ಯೋ ನಮ್ಮಪ್ಪ, ಆಯಮ್ಮನ ರಟ್ಟೆಗೆ ಬಾವು ಬಂದೈತೇನ್ರೇ!" ಅಂತ ಬೀದಿಗೆಲ್ಲ ಕೇಳೋ ಹಂಗೆ ಅಂದಳು.

ಎರಡು ವಾರ ಕಳೀತು ನೋಡಿ. ಅದೇ ಹಾಲಮ್ಮ ಹಿತ್ತಲ ಬಾಗಿಲಿಂದ ಬಂದು, ದನಿ ತಗ್ಗಿಸಿ, "ಅಂಥಾದ್ದೊಂದು ನಂಗೆ ಹೊಲಿಯಾಕೆ ಬರ್ತದೇನೆ ನಿಮ್ಮೋರಿಗೆ?" ಅಂತ ಕೇಳಿದಳು. ನ್ಯಾಮತಿ ಸಾಹುಕಾರರ ಮನೇಲಿ ಉಗಾದಿ ಕಳೆದ ಮೇಲೆ ಮದುವೆ ಇತ್ತು. ನಮ್ಮ ಬೀದಿಯ ಅರ್ಧ ಮನೆಗಳಿಗೆ ಅವರು ಬೀಗರೋ ನೆಂಟರೋ ಆಗಬೇಕು. ಆ ಮದುವೆಗೆ ಗಂಟಿನ ಕುಬುಸ ತೊಟ್ಟು ಹೋಗಾಕೆ ಈಗ ಯಾರಿಗೂ ಮನಸ್ಸಿಲ್ಲ.

ಮಾವ ಮೊದಲು ಒಪ್ಪಲಿಲ್ಲ. ಹೆಂಗಸರ ಬಟ್ಟೆ ಹೊಲಿಯೋದು ತಾಪತ್ರಯ. ಗಂಡಸು ದರ್ಜಿ ಮೈಮೇಲೆ ಟೇಪು ಹಿಡಿಯಂಗಿಲ್ಲವಲ್ಲ, ಅದಕ್ಕೆ ಹೆಂಗಸರು ತಮ್ಮ ಮೈಗೆ ಸರಿಯಾಗಿ ಕೂರೋ ಒಂದು ಕುಬುಸವನ್ನ ವಸ್ತ್ರದಲ್ಲಿ ಸುತ್ತಿ ಕಳಿಸೋರು. ಅಳತೆ ಕುಬುಸ ಅಂತ ಅದಕ್ಕೆ ಹೆಸರು. ಅದನ್ನ ಇಟ್ಟುಕೊಂಡು ಕತ್ತರಿಸಬೇಕು. ಬೇರೆ ದಾರಿ ಇಲ್ಲ. "ಮನೆಮನೆಗೆ ನಾನು ಹೋಗಿ ಬಟ್ಟೆ, ಅಳತೆ ಎರಡೂ ತರ್ತೀನಿ ಮಾವ. ಯಾರಿಗೆ ಯಾವ ನಮೂನೆ ಅಂತ ಚಿತ್ರ ಬರ್ಕೊಂಡು ಬರ್ತೀನಿ" ಅಂದೆ. ಮಾವ ಗಡ್ಡ ಕೆರೆದುಕೊಂಡರು.

"ಕಂಟ್ರೋಲ್ ಬಟ್ಟೆ ಇದು. ಒಂದು ತುಂಡು ಹಾಳಾದ್ರೆ ಇನ್ನೊಂದು ಸಿಗಾಕಿಲ್ಲ, ತಿಳ್ಕೋ. ಈ ಒಂದು ಮದುವೆ ನೋಡ್ತೀನಿ. ಏನಾರ ಎಡವಟ್ಟಾಯ್ತೋ, ನಿನ್ ಚಿತ್ರ ಎಲ್ಲಾ ನೀರೊಲೆಗೆ, ನೀನು ಸಾಯೋತನಕ ಗುಂಡಿ ಹಚ್ಚಾಕೆ."

"ಸರಿಯಾದ್ರೆ?" ಅಂದೆ.

"ಸರಿಯಾಗ್ಲಿ, ಆಮೇಲೆ ಮಾತಾಡಾನ."

ನನಗೆ ಅಷ್ಟು ಸಾಕಾಗಿತ್ತು. ಚಿತ್ರ ಬರೆಯೋದು ನನಗೆ ಹುಚ್ಚು. ಜಗಳೂರಲ್ಲಿ ಅಂಗಳದ ರಂಗೋಲಿ ಮುಗಿದರೂ ಕೈ ಸುಮ್ಮನಿರದೆ ಇದ್ದಿಲು ಹಿಡಿದು ಗೋಡೆಗೆ ಹೋಗ್ತಿದ್ದೆ, ಅವ್ವನ ಕೈಲಿ ಬೈಸಿಕೊಳ್ತಿದ್ದೆ. ವಿಷಯ ಕೇಳಿ ಲಲಿತಮ್ಮ ಟೀಚರು ಒಂದು ಖಾಲಿ ಪುಸ್ತಕ, ಒಂದು ಕಡೆ ಕೆಂಪು ಇನ್ನೊಂದು ಕಡೆ ನೀಲಿ ಇರೋ ಪೆನ್ಸಿಲು, ಒಂದು ಹಳೇ ವಾರಪತ್ರಿಕೆ ಕೊಟ್ಟರು. ಅದರ ತುಂಬ ಪಟ್ಟಣದ ಹೆಂಗಸರ ಚಿತ್ರ. ಎಲ್ಲರಿಗೂ ಗೇಣುದ್ದ ಕತ್ತು, ಹಿಡಿಯಷ್ಟು ಸೊಂಟ. ಅನ್ನ ಉಣ್ಣೋ ಜಾತಿ ಅಲ್ಲವೇ ಅಲ್ಲ ಅನ್ನಿಸ್ತಿತ್ತು. ನಾಲ್ಕು ದಿನ ಕೂತು ಆ ಮೈಕಟ್ಟು ಬರೆಯೋದು ಕಲಿತೆ.

ಮನೆಮನೆಗೆ ಹೋದೆ. ಎಲ್ಲರದ್ದೂ ಒಂದೇ ಹಟ. "ಸುಮ್ನೆ ಜಂಪರು ಬರೆದ್ರೆ ಏನ್ ಗೊತ್ತಾಗ್ತದೆ? ನನ್ ಮುಖ ಹಾಕಿ ಬರಿ, ಹೆಂಗೆ ಕಾಣ್ತೀನಿ ನೋಡಾನ." ಬರೆದೆ. ಹಾಲಮ್ಮನ ಮುಖ, ಹಾಲಮ್ಮನ ಮೂಗುತಿ, ಹಾಲಮ್ಮನ ಹಣೆಗಂಟು. ಕತ್ತಿನಿಂದ ಕೆಳಗೆ ಮಾತ್ರ ವಾರಪತ್ರಿಕೆ. ಐದು ಮಕ್ಕಳ ತಾಯಿ, ಬಾಗಿಲಲ್ಲಿ ನಿಂತರೆ ಬೆಳಕು ಬರಲ್ಲ, ಅಂಥವಳು ಚಿತ್ರದಲ್ಲಿ ಬಳ್ಳಿ ಹಂಗೆ ನಿಂತಿದ್ದಳು. ಅದನ್ನೇ ನೋಡುತ್ತಾ ಕೂತವಳು ಒಲೆ ಮೇಲಿನ ಹಾಲು ಉಕ್ಕಿದರೂ ಏಳಲಿಲ್ಲ.

"ಅಳತೆ ಕುಬುಸ ಕೊಡ್ರಿ" ಅಂದೆ. ಹಗ್ಗದ ಮೇಲೆ ಒಂದು ಒಣಗ್ತಾ ಇತ್ತು. ಅದನ್ನ ಎಳೆದು ಕೊಡಬಹುದಿತ್ತು. ಅವಳು ಅದನ್ನ ಒಂದು ಕ್ಷಣ ನೋಡಿದಳು, "ತಡಿ ಬಂದೆ" ಅಂತ ಒಳಕೋಣೆಗೆ ಹೋದಳು. ಟ್ರಂಕಿನ ಮುಚ್ಚಳ ಕಿರ್ ಅಂದಿದ್ದು ಕೇಳಿಸಿತು. ಎಲ್ಲಾ ಮನೇಲೂ ಹಿಂಗೇ. ಚಿತ್ರ ನೋಡೋದು, ಒಳಗೆ ಹೋಗೋದು, ಕಿರ್. ನನಗೆ ಅಲ್ಲೇ ಹೊಳೀಬೇಕಿತ್ತು. ಚಿತ್ರ ಹೊಗಳಿಸಿಕೊಂಡ ಸಂಭ್ರಮದಲ್ಲಿ ಕಿವಿಗೆ ಬಿದ್ದಿದ್ದು ತಲೆಗೆ ಹೋಗಲಿಲ್ಲ.

ಹದಿನಾಲ್ಕು ಜಂಪರು ಆಯ್ತು. ಮಾವ ಕತ್ತರಿಸಿದರು, ಯಜಮಾನರು ಹೊಲಿದರು, ನಾನು ಗುಂಡಿ ಹಚ್ಚಿ, ಇಸ್ತ್ರಿ ಪೆಟ್ಟಿಗೆಗೆ ಕೆಂಡ ತುಂಬಿ ಆ ಪೂರಿ ತೋಳುಗಳನ್ನ ಉಬ್ಬಿಸಿದೆ. ಮದುವೆಗೆ ಆರು ದಿನ ಇದೆ ಅನ್ನೋವಾಗ ಮನೆಮನೆಗೆ ಹಂಚಿಬಂದೆ. ಅಳತೆ ಕುಬುಸಗಳು ಮುಂದೆ ಬೇಕಾಗ್ತವೆ ಅಂತ ಗಂಟು ಕಟ್ಟಿ ಮನೇಲೇ ಇಟ್ಟುಕೊಂಡೆ. ಅವತ್ತು ನಾನು ಹೋಳಿಗೆ ಮಾಡಿದ್ದೆ, ನಾಚಿಕೆ ಇಲ್ಲದೆ ಹೇಳ್ತೀನಿ, ನಾನೇ ನಾಲ್ಕು ತಿಂದೆ.

ಮಾರನೇ ದಿನ ಬೆಳಿಗ್ಗೆ ಜಗಲಿ ಮೇಲೆ ಹಾಲಮ್ಮ.

"ಏನ್ ಹೊಲಿದಿದ್ದೀರಿ ಯಜಮಾನ್ರೇ? ಒಂದು ತೋಳು ತೂರಿಸಿದ್ರೆ ಇನ್ನೊಂದು ತೋಳು ಬರಲ್ಲ. ಎರಡೂ ತೂರಿಸಿದ್ರೆ ಗುಂಡಿ ಒಂದು ಗೇಣು ದೂರ ಐತೆ!"

ಅವಳ ಹಿಂದೆ ಇನ್ನೊಬ್ಬಳು. ಅವಳ ಹಿಂದೆ ಮತ್ತೆ ಮೂರು ಜನ. ಹೊತ್ತು ಮೂಡಿ ಮಾರುದ್ದ ಏರೋದರೊಳಗೆ ಹದಿನಾಲ್ಕೂ ಜನ ನೆರೆದರು. ಕಂಟ್ರೋಲ್ ಬಟ್ಟೆ ಹೋಯ್ತು, ಮದುವೆಗೆ ಏನ್ ಹಾಕ್ಕಂಡು ಹೋಗಾನ, ನಿಮ್ ಕತ್ತರಿಗೆ ಏನ್ ಬಂದೈತೆ, ಟೇಪು ಇಲಿ ಕಡದೈತಾ ಅಂತ ಒಂದೇ ಗದ್ದಲ. ಮೂವತ್ತು ವರ್ಷ ಕತ್ತರಿ ಹಿಡಿದ ಮಾವ. ಅವರ ಮುಖ ಕೆಂಪಗಾಗಿತ್ತು.

"ಗಂಟು ತಗಂಬಾ" ಅಂದರು ನನಗೆ. ಹಾಲಮ್ಮನ ಅಳತೆ ಕುಬುಸ ಹಾಸಿ ಅದರ ಮೇಲೆ ಜಂಪರು ಇಟ್ಟರು. ಒಂದು ನೂಲು ಹೆಚ್ಚುಕಮ್ಮಿ ಇಲ್ಲ. "ಅಳತೆ ಸರಿ ಐತಲ್ಲ ತಾಯಿ?"

"ಹಂಗಾದ್ರೆ ಒಗೆದಾಗ ಕುಗ್ಗಿರ್ತೈತೆ" ಅಂದಳು ಹಾಲಮ್ಮ.

"ಇನ್ನೂ ಒಗೆದೇ ಇಲ್ವಲ್ಲ ನೀವು?"

ಮಾವನಿಗೆ ತಲೆಬುಡ ತಿಳೀಲಿಲ್ಲ. ತಿಳಿಯದ ಸಿಟ್ಟು ಯಾರ ಮೇಲಾದರೂ ಹೋಗಬೇಕಲ್ಲ, ಒಳಗೆ ಬಂದು ಗೂಡಿನಲ್ಲಿದ್ದ ನನ್ನ ಚಿತ್ರದ ಪುಸ್ತಕ ತಗೊಂಡರು. ಹಿತ್ತಲಲ್ಲಿ ನೀರೊಲೆ ಧಗಧಗ ಉರೀತಿತ್ತು.

ನಾನು ಜಗಲಿ ಮೇಲೆ ಗಂಟಿನ ಮುಂದೆ ಕುಕ್ಕರಗಾಲಲ್ಲಿ ಕೂತಿದ್ದೆ. ಸುಮ್ಮನೆ ಆ ಕುಬುಸಗಳನ್ನ ಮಡಚುತ್ತಾ ಇದ್ದೆ, ಏನು ಮಾಡಬೇಕು ಅಂತ ತಿಳಿಯದೆ. ಆಗ ಬಂತು ವಾಸನೆ. ಬಜೆ. ಒಂದನ್ನ ಮೂಸಿದೆ, ಬಜೆ. ಇನ್ನೊಂದು, ಬಜೆ. ದಿನಾ ತೊಡೋ ಕುಬುಸಕ್ಕೆ ಒಲೆ ಹೊಗೆ ಇರುತ್ತೆ, ಒಗ್ಗರಣೆ ಇರುತ್ತೆ, ಸೀಗೆಪುಡಿ ಇರುತ್ತೆ. ಇಲ್ಲಿ ಹದಿನಾಲ್ಕಕ್ಕೂ ಟ್ರಂಕಿನ ವಾಸನೆ! ಮಡಿಕೆಗಳು ಹಳದಿಗಟ್ಟಿದ್ದವು. ಹಾಲಮ್ಮನ ಕುಬುಸದ ಕತ್ತಿನ ಹತ್ತಿರ ಅರಿಸಿನದ ಕಲೆ. ಅದು ಅವಳು ಮದುವೇಲಿ ತೊಟ್ಟಿದ್ದು. ಹದಿನೈದು ವರ್ಷದ ಹಿಂದಿನದು!

ಹಿಂದೆ ನಿಂತಿದ್ದ ಯಜಮಾನರಿಗೂ ನನ್ನ ಮೂಸೋ ಪರಿ ನೋಡಿ ಅರ್ಥ ಆಯ್ತು. ಕಿವಿ ಹತ್ರ ಬಗ್ಗಿ, "ಹೇಳಿಬಿಡೇ. ತಪ್ಪು ನಮ್ದಲ್ಲ" ಅಂದರು.

ಹೇಳಬಹುದಿತ್ತು. ಒಂದೇ ಮಾತು. ಮಾವನ ಮರ್ಯಾದೆ ಉಳೀತಿತ್ತು, ಪುಸ್ತಕಾನೂ ಉಳೀತಿತ್ತು. ತಲೆ ಎತ್ತಿ ನೋಡಿದೆ. ಹಾಲಮ್ಮ ನನ್ನನ್ನ ನೋಡ್ತಿರಲಿಲ್ಲ, ನನ್ನ ಕೈಲಿದ್ದ ಅರಿಸಿನದ ಕಲೆ ನೋಡ್ತಿದ್ದಳು. ಅಷ್ಟು ದೊಡ್ಡ ಗಂಟಲಿನವಳ ಮುಖ ಸಣ್ಣಗಾಗಿತ್ತು. ಉಳಿದವರೆಲ್ಲ ತಾವೊಬ್ಬರೇ ಹಿಂಗೆ ಮಾಡಿದ್ದು ಅಂದುಕೊಂಡು ಸೆರಗಿನ ತುದಿ ತಿರುಚುತ್ತಾ ನಿಂತಿದ್ದರು. ಅಯ್ಯೋ ಪಾಪ ಅನ್ನಿಸಿತು. ಆ ಸೊಂಟ ಬರೆದು ಅವರ ಮುಂದೆ ಹಿಡಿದೋಳು ಯಾರು? ನಾನೇ ತಾನೇ?

"ಮಾವ, ತಡೀರಿ!" ಅಂತ ಒಳಗಿನ ಕಡೆ ಕೂಗಿ, ಎದ್ದು ಹೆಂಗಸರ ಕಡೆ ತಿರುಗಿದೆ. "ಏನ್ರಮ್ಮ ನೀವು! ಅದು ಇನ್ನೂ ಮುಗಿದಿಲ್ಲ. ತೋಳು ನೋಡ್ಕಳಿ ಅಂತ ಕೊಟ್ರೆ ಗುಂಡಿನೂ ಹಾಕಾಕೆ ಹೋಗಿದ್ದೀರಲ್ಲ? ಕಂಕುಳಿಂದ ಸೊಂಟದ ತನಕ ಪಕ್ಕಕ್ಕೆ ಬೇರೆ ಬಣ್ಣದ ಪಟ್ಟಿ ಬರಬೇಕು ಅದಕ್ಕೆ. ಮೈಸೂರಾಗೆ ಈಗ ಎಲ್ರೂ ಅದನ್ನೇ ಹಾಕೋದು."

ಸುಳ್ಳು ಅಂದ್ರೆ ಶುದ್ಧ ಸುಳ್ಳು. ಮೈಸೂರು ಯಾವ ದಿಕ್ಕಿಗಿದೆ ಅಂತಲೂ ನನಗೆ ಗೊತ್ತಿರಲಿಲ್ಲ. ಹೇಳಿ ಬಾಯಿ ಮುಚ್ಚೋದರೊಳಗೆ ಬೀದೀಲಿ ಲಲಿತಮ್ಮ ಟೀಚರು, ಕೊಡೆ ಹಿಡಿದು ಶಾಲೆಗೆ ಹೊರಟವರು ಗಲಾಟೆ ಕೇಳಿ ನಿಂತಿದ್ದಾರೆ! ಹಾಲಮ್ಮ ತಟ್ಟನೆ ತಿರುಗಿ, "ಹೌದೇನ್ರಿ ಟೀಚರಮ್ಮ? ಪಕ್ಕಕ್ಕೆ ಪಟ್ಟಿ ಹಾಕ್ತಾರೇನ್ರಿ ನಿಮ್ಮೂರಾಗೆ?" ಅಂದಳು.

ಟೀಚರು ನನ್ನ ಮುಖ ನೋಡಿದರು. ಹೆಂಗಸರ ಕೈಲಿದ್ದ ಇಕ್ಕಟ್ಟು ಜಂಪರುಗಳನ್ನ ನೋಡಿದರು. ಮತ್ತೆ ನನ್ನ ನೋಡಿದರು.

"ಹೌದು ಕಣ್ರೀ, ಈ ವರ್ಷ ಅದೇ ಬಂದಿರೋದು. ಪಟ್ಟಿ ಇಲ್ಲದೆ ಇದ್ದರೆ ಹಳೇದು ಅಂತಾರೆ" ಅಂದು, ಕೊಡೆ ಸರಿಮಾಡಿಕೊಂಡು ಹೊರಟೇಹೋದರು.

ಜನ ಚದುರಿದರು. ಮಾವ ಪುಸ್ತಕವನ್ನ ಒಲೆಗೂ ಹಾಕಲಿಲ್ಲ, ನನಗೂ ಕೊಡಲಿಲ್ಲ, ತಲೆದಿಂಬಿನ ಕೆಳಗೆ ಇಟ್ಟುಕೊಂಡರು. "ಸುಳ್ಳು ಹೇಳಿದ್ದೀಯ. ಐದು ದಿನ ಐತೆ. ಹೊಲಿ, ನೋಡಾನ" ಅಂದರು.

ಪಟ್ಟಿಗೆ ಬಟ್ಟೆ ಎಲ್ಲಿಂದ ತರೋದು? ನನ್ನ ಹತ್ರ ಒಂದು ಚೀಲ ಇತ್ತು. ಮುಂದೆ ಕೂಸು ಹುಟ್ಟಿದರೆ ತೊಟ್ಟಿಲಿಗೆ ಕೌದಿ ಹೊಲಿ ಅಂತ ಅವ್ವ ಜಗಳೂರಿನಿಂದ ಕಟ್ಟಿಕೊಟ್ಟಿದ್ದ ಖಣದ ತುಂಡುಗಳು. ಕೆಂಪು, ಗಿಳಿಹಸಿರು, ನವಿಲು ಬಣ್ಣ, ಸಣ್ಣ ಸಣ್ಣ ಹೂ. ನೆಲಕ್ಕೆ ಸುರಿದೆ. ಒಂದೇ ಬಣ್ಣದ ಆ ಮಂಕು ಕಂಟ್ರೋಲ್ ಬಟ್ಟೆ ಪಕ್ಕ ಖಣದ ಪಟ್ಟಿ ಇಟ್ಟು ನೋಡಿದರೆ, ಅಬ್ಬಾ, ನನಗೇ ಒಂದು ಹೊಲಿಸಿಕೊಳ್ಳೋ ಆಸೆಯಾಯ್ತು.

ಈ ಸಲ ಅಳತೆ ಕುಬುಸದ ಆಟ ಬೇಡ ಅಂತ ಒಬ್ಬೊಬ್ಬರನ್ನೇ ನಡುಮನೆಗೆ ಕರೆದು ಬಾಗಿಲು ಹಾಕಿದೆ. ಅವರ ಜನ್ಮದಲ್ಲಿ ಮೈಗೆ ಅಳತೆ ಹಿಡಿಸಿಕೊಂಡಿದ್ದು ಅದೇ ಮೊದಲು. ಕಚಗುಳಿ ಅಂತ ಕಿಸಕಿಸ ನಗೋರು, ಉಸಿರು ಎಳೆದು ಹೊಟ್ಟೆ ಒಳಗೆ ಹಾಕೋರು. "ಉಸಿರು ಬಿಡ್ರಿ, ಮದುವೇಲಿ ಊಟ ಮಾಡಬೇಕಲ್ಲ!" ಅಂತ ನಾನು ಗದರೋಳು. ಟೇಪು ಹಿಡಿಯಲಿಲ್ಲ ನಾನು. ಅಂಕಿ ಬಾಯಲ್ಲಿ ಹೇಳಿದರೆ ಗೋಡೆಗೂ ಕಿವಿ. ನೂಲು ಸುತ್ತಿ, ಎಷ್ಟು ಬೇಕೋ ಅಲ್ಲಿಗೆ ಗಂಟು ಹಾಕಿ ಎತ್ತಿಟ್ಟೆ.

ಹಾಲಮ್ಮ ಎಲ್ಲರಿಗಿಂತ ಕೊನೆಗೆ ಬಂದಳು. ನೂಲು ಸುತ್ತುವಾಗ ಮೆಲ್ಲಗೆ ಅಂದಳು: "ಅದು ನನ್ ಮದುವೆ ಕುಬುಸ ಕಣೇ. ನೀನು ಬರೆದಿದ್ದು ನೋಡಿ, ಆ ಮೈ ಎಲ್ಲೂ ಹೋಗಿಲ್ಲ, ಒಳಗೇ ಎಲ್ಲೋ ಐತೆ ಅನ್ನಿಸಿಬಿಡ್ತು. ನಿಂಗೆ ಗೊತ್ತಾಗಿತ್ತಲ್ಲ? ಯಾಕೆ ಹೇಳಲಿಲ್ಲ?"

"ನಂಗೇನೂ ಗೊತ್ತಾಗಲಿಲ್ಲ" ಅಂದೆ. ಅವಳು ನನ್ನ ಕೆನ್ನೆ ಹಿಂಡಿದಳು, ಎರಡು ದಿನ ಕೆಂಪಗಿತ್ತು.

ಹೊಲಿಯೋದಕ್ಕೆ ಮಷೀನು ನಡುಮನೆಗೇ ಬರಬೇಕಾಯ್ತು. ಹೆಂಗಸರು ತೊಟ್ಟು ನೋಡೋದು, ನಾನು ಬಿಚ್ಚಿ ಹೊಲಿಯೋದು, ಮತ್ತೆ ತೊಟ್ಟು ನೋಡೋದು. ಅಲ್ಲಿಗೆ ಗಂಡಸರು ಬರೋ ಹಂಗಿಲ್ಲ. ಹಂಗಾಗಿ ಹಗಲೆಲ್ಲ ನಾನೇ ಮಷೀನು ತುಳಿದೆ, ಅದೇ ಎತ್ತರದ ಸ್ಟೂಲಿನ ತುದೀಲಿ ಕೂತು, ಬೆರಳ ತುದೀಲಿ. ಯಜಮಾನರು ಜಗಲಿಯಲ್ಲಿ ಪಟ್ಟಿ ಕತ್ತರಿಸಿ ಬಾಗಿಲ ಸಂದಿಯಿಂದ ಕೊಡೋರು. ಮೂರನೇ ದಿನ ಗುಂಡಿ ಹಚ್ಚಾಕೆ ಕೈ ಸಾಲದೆ ಒದ್ದಾಡ್ತಿದ್ದೆ. ಮಾವ ಕೆಮ್ಮಿ, ಬಾಗಿಲಾಚೆಯಿಂದ ಕೈ ಚಾಚಿದರು. "ಇಲ್ಲಿ ಕೊಡು ಗುಂಡಿ ಡಬ್ಬಿ. ಸುಮ್ನೆ ಕುಂತೀನಿ." ಐದನೇ ದಿನ ಸಂಜೆ ದೀಪ ಹಚ್ಚೋ ಹೊತ್ತಿಗೆ ಹದಿನಾಲ್ಕನೇದೂ ಮುಗೀತು.

ಮದುವೆ ದಿನ ಇದ್ದಿಲು ಬಸ್ಸು ಹತ್ತಿದೆವು. ಪೆಟ್ರೋಲು ಇಲ್ಲದ ಕಾಲ, ಬಸ್ಸಿನ ಹಿಂದೆ ದೊಡ್ಡ ಒಲೆ, ಇದ್ದಿಲು ಹಾಕಿ ಗಾಳಿ ಊದೋ ಚಕ್ರ ತಿರುಗಿಸಿದರೇನೆ ಅದು ಹೊರಡೋದು. ಏರಿನಲ್ಲಿ ಅದು ನಿಂತುಬಿಟ್ಟಿತು. ಹದಿನಾಲ್ಕು ಹೆಂಗಸರೂ ಇಳಿದು ಬಸ್ಸಿಗೆ ಭುಜ ಕೊಟ್ಟು ನೂಕಿದರು. ನನ್ನ ಕಣ್ಣೆಲ್ಲ ಪಕ್ಕದ ಹೊಲಿಗೆ ಮೇಲೆ. ಒಂದೂ ಬಿಚ್ಚಲಿಲ್ಲ! ನಾನು ನೂಕೋದು ಬಿಟ್ಟು ರಸ್ತೆಯಲ್ಲೇ ಚಪ್ಪಾಳೆ ತಟ್ಟಿದೆ.

ನ್ಯಾಮತಿ ಚಪ್ಪರದಲ್ಲಿ ಹದಿನಾಲ್ಕು ಜನ ಸಾಲಾಗಿ ಒಳಗೆ ನಡೆದರು. ಉಬ್ಬಿದ ತೋಳು, ಕೈ ಎತ್ತಿದಾಗೆಲ್ಲ ಪಕ್ಕದಲ್ಲಿ ಮಿಂಚೋ ಖಣ. ಹಾಲಮ್ಮ ಬೇಕಂತಲೇ ಎಲ್ಲರಿಗೂ ಕೈ ಎತ್ತಿ ನಮಸ್ಕಾರ ಮಾಡ್ತಿದ್ದಳು. ಗಂಡಿನ ಕಡೆಯೋರು ಚನ್ನಗಿರಿಯಿಂದ, ಸಂತೇಬೆನ್ನೂರಿಂದ ಬಂದಿದ್ದರು. ಕಡ್ಡಿ ಹಂಗಿದ್ದ ಹುಡುಗೇರೂ ಪಕ್ಕಪಟ್ಟಿ ಬೇಕು ಅಂತ ನನ್ನ ಸುತ್ತುಗಟ್ಟಿದರು. ಧಾರೆ ಯಾವಾಗ ಆಯ್ತೋ ನಾನು ನೋಡಲೇ ಇಲ್ಲ, ನೂಲಿಗೆ ಗಂಟು ಹಾಕೋದರಲ್ಲೇ ಇದ್ದೆ.

ಮರುದಿನ ಟೀಚರು ಬಂದರು. ಒಂದು ಜಂಪರು ಚಾಪೆ ಮೇಲಿಟ್ಟು, "ಇದಕ್ಕೂ ಪಟ್ಟಿ ಹಾಕಮ್ಮ" ಅಂದರು.

"ನಿಮಗ್ಯಾಕ್ರಿ? ನೀವು ಇರೋದೇ ಇಷ್ಟು."

"ಮೈಸೂರಲ್ಲಿ ಎಲ್ಲರೂ ಹಾಕ್ಕೊಳ್ತಾರೆ ಅಂತ ನಾನೇ ಸಾಕ್ಷಿ ಹೇಳಿದ್ದೀನಲ್ಲ. ನಾನೇ ಹಾಕ್ಕೊಳ್ಳದೆ ಇದ್ದರೆ ಹೇಗೆ?" ಅಂದು ಅವರು ನಕ್ಕಿದ್ದಕ್ಕೆ ನನಗೂ ತಡೆಯೋದಕ್ಕಾಗಲಿಲ್ಲ. ಇಬ್ಬರೂ ಕಣ್ಣಲ್ಲಿ ನೀರು ಬರೋತನಕ ನಕ್ಕೆವು. ಆ ಬೇಸಿಗೆ ರಜೆಗೆ ಅವರು ಅದನ್ನ ತೊಟ್ಟು ಮೈಸೂರಿಗೆ ಹೋದರು. ಬರುವಾಗ ಅವರ ಅಕ್ಕತಂಗೇರ ಮೂರು ಜಂಪರು ತಂದಿದ್ದರು, ಪಟ್ಟಿ ಹಾಕಿಸಾಕೆ. ನನ್ನ ಸುಳ್ಳು ಅಲ್ಲಿಗೆ ನಿಜ ಆಯ್ತು.

ಹಾಲಮ್ಮನ ಚಿತ್ರ ಮತ್ತೆ ಬರೆದುಕೊಟ್ಟೆ. ಈ ಸಲ ಇದ್ದದ್ದು ಇದ್ದ ಹಂಗೆ, ಭುಜ, ಹೊಟ್ಟೆ, ಪಕ್ಕಪಟ್ಟಿ ಎಲ್ಲ ಸೇರಿಸಿ. ಅವಳು ತುಂಬ ಹೊತ್ತು ನೋಡಿ, "ಹ್ಞಾ, ಇದು ನಾನೇ" ಅಂದಳು. ಅದನ್ನ ಗಿರಣಿ ಕೋಣೇಲಿ ದೇವರ ಪಟದ ಪಕ್ಕ ಅಂಟಿಸಿದಳು. ನನ್ನ ಖಾಲಿ ಚೀಲಕ್ಕೆ ಹದಿನಾಲ್ಕು ಮನೆಯಿಂದಲೂ ತುಂಡು ಬಟ್ಟೆ ಬಂತು. ಎರಡು ವರ್ಷಕ್ಕೆ ನಿಮ್ಮಪ್ಪ ಹುಟ್ಟಿದಾಗ ಮಲಗಿದ್ದು ಆ ಕೌದಿ ಮೇಲೆ ಅಂತ ಮೊಮ್ಮಗಳಿಗೆ ಹೇಳಿದೆ.

"ಸರಿ ಅಜ್ಜಿ, ಈ ಮರದ ತುಂಡು?" ಅಂದಳು.

ಮದುವೆ ಮುಗಿದ ನಾಲ್ಕನೇ ದಿನ. ನೀರು ತಂದು ಮನೆಯೊಳಗೆ ಬಂದರೆ ಬಡಗಿ ಕೂತಿದ್ದಾನೆ, ಮಷೀನಿನ ಸ್ಟೂಲು ಬೋರಲು ಬಿದ್ದಿದೆ, ನೆಲದ ತುಂಬ ಹೊಟ್ಟು. ನಾಲ್ಕೂ ಕಾಲನ್ನ ಆರಾರು ಬೆರಳು ಕೊಯ್ದು ಹಾಕಿದ್ದಾನೆ. ಮಾವ ಪಕ್ಕದಲ್ಲಿ ನಿಂತು ಬೆರಳಲ್ಲಿ ಅಳೀತಿದ್ದಾರೆ. ಚಿತ್ರದ ಪುಸ್ತಕ ಮಷೀನಿನ ಮೇಲಿತ್ತು.

ಯಜಮಾನರು ಹೊರಗಿಂದ ಬಂದು ಹೌಹಾರಿದರು. "ಅಪ್ಪಾ, ಏನಿದು? ಇಷ್ಟು ಗಿಡ್ಡ ಮಾಡಿಸಿದ್ರೆ ನಾನು ಹೆಂಗೆ ಕೂರಲಿ?"

"ನೀನು ಬೇರೆ ಸ್ಟೂಲು ಮಾಡಿಸ್ಕೋ" ಅಂದರು ಮಾವ. "ಇದು ನನ್ ಸೊಸೇದು."

ಕೂತು ನೋಡಿದೆ. ಎರಡೂ ಪಾದ ಹಲಗೆ ಮೇಲೆ ಪೂರ್ತಿ ಊರಿದವು. ಎದ್ದವಳೇ ಹೊಟ್ಟಿನಲ್ಲಿ ಬಿದ್ದಿದ್ದ ಆ ನಾಲ್ಕೂ ತುಂಡು ಆರಿಸಿ ಸೆರಗಿಗೆ ಕಟ್ಟಿಕೊಂಡೆ, ಮತ್ತೆ ಯಾರೂ ಅಂಟಿಸಬಾರದಲ್ಲ.